ಕಹಿಯ ಹಂಚಿಕೆ: ದಕ್ಷಿಣ ವಿಯೆಟ್ನಾಮಿನ ತುಂಬಿದ ಹಾಗಲಕಾಯಿ ಸಾರು

ಹಾಗಲಕಾಯಿಯ ಕಹಿಯನ್ನು ನಮ್ಮ ಅಡುಗೆಮನೆಗಳು ಎರಡು ಬಗೆಯಲ್ಲಿ ಎದುರಿಸುತ್ತವೆ. ಹೋಳಿಗೆ ಉಪ್ಪು ಸವರಿಟ್ಟು, ಬಿಟ್ಟುಕೊಂಡ ನೀರನ್ನು ಹಿಂಡಿ ಚೆಲ್ಲುವುದು ಒಂದು ಬಗೆ. ಹುಣಸೆಹುಳಿ, ಬೆಲ್ಲ, ಎಳ್ಳು, ಎಣ್ಣೆಗಳ ಜತೆ ಕುದಿಸಿ ಕಹಿಯನ್ನು ಬೇರೆ ರುಚಿಗಳ ನಡುವೆ ಕೂರಿಸುವುದು ಇನ್ನೊಂದು. ಹಳೆ ಮೈಸೂರಿನ ಗೊಜ್ಜು, ಕರಾವಳಿಯ ಮೆಣಸ್ಕಾಯಿ, ಉತ್ತರ ಕರ್ನಾಟಕದಲ್ಲಿ ಗುರೆಳ್ಳು–ಶೇಂಗಾ ಪುಡಿ ತುಂಬಿ ಮಾಡುವ ಎಣ್ಣೆಗಾಯಿ, ಇವೆಲ್ಲ ಈ ಎರಡನ್ನೂ ಹೆಚ್ಚುಕಡಿಮೆ ಬೆರೆಸಿಯೇ ಬಳಸುತ್ತವೆ. ದಕ್ಷಿಣ ವಿಯೆಟ್ನಾಮಿನ ಮನೆಗಳಲ್ಲಿ ಹಾಗಲಕಾಯಿಗೆ ಮಾಂಸ ತುಂಬಿ ಮಾಡುವ ತಿಳಿಸಾರಿಗೆ ಈ ಎರಡೂ ದಾರಿ ಇಲ್ಲ. ಅದರಲ್ಲಿ ಹುಳಿಯಿಲ್ಲ, ಬೆಲ್ಲದ ಪಾಕವಿಲ್ಲ, ಅರೆದ ಮಸಾಲೆಯಿಲ್ಲ. ಕಾಯಿ ಬಿಟ್ಟ ಕಹಿ ತಾನು ಬೇಯುತ್ತಿರುವ ನೀರಿಗೇ ಇಳಿಯುತ್ತದೆ. ಆ ನೀರನ್ನು ಚೆಲ್ಲುವಂತಿಲ್ಲ, ಅದೇ ಸಾರು. ಕಹಿಯನ್ನು ಹೊರಗೆ ಹಾಕಲಾಗದ ಈ ಅಡುಗೆಯಲ್ಲಿ ಕಾಯಿ ಆರಿಸುವುದರಿಂದ ಹಿಡಿದು ಕೊನೆಗೆ ಮೀನಿನ ರಸ ಹನಿಸುವವರೆಗಿನ ಪ್ರತಿ ಹಂತವೂ ಕಾಯಿ, ಹೂರಣ, ಸಾರು ಈ ಮೂರರಲ್ಲಿ ಕಹಿ ಎಲ್ಲಿ ಎಷ್ಟು ನಿಲ್ಲಬೇಕೆಂದು ತೀರ್ಮಾನಿಸುವ ಕೆಲಸ ಎಂಬುದು ಈ ಟಿಪ್ಪಣಿಯ ವಾದ.

ಅಡುಗೆಯ ಪೂರ್ತಿ ಹೆಸರು ಕಾಞ್ ಖೊ ಕ್ವಾ ನ್ಯೊಯ್ ಥಿತ್. ಕಾಞ್ ಎಂದರೆ ಅನ್ನದ ಜತೆಗೆ ಬಡಿಸುವ ನೀರಾದ ಸಾರು. ಥಿತ್ ಎಂದರೆ ಮಾಂಸ, ರೂಢಿಯಲ್ಲಿ ಹಂದಿಮಾಂಸ. ಇದು ವರ್ಷವಿಡೀ ಮಾಡುವ ಮನೆಯಡುಗೆ. ಆದರೆ ತೆತ್ ಎಂದು ಕರೆಯುವ ಚಾಂದ್ರಮಾನ ಹೊಸವರ್ಷಕ್ಕೆ, ಅಂದರೆ ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬರುವ ಹಬ್ಬಕ್ಕೆ, ಮೆಕಾಂಗ್ ಮುಖಜಭೂಮಿಯಲ್ಲಿ ಮತ್ತು ಸೈಗಾನಿನಲ್ಲಿ ಇದು ದೊಡ್ಡ ಪಾತ್ರೆಯಲ್ಲಿ ಆಗಲೇಬೇಕು. ಎಳನೀರಿನಲ್ಲಿ ಮೊಟ್ಟೆಯ ಜತೆ ಬೇಯಿಸಿದ ಹಂದಿಮಾಂಸದ ಥಿತ್ ಖೊ ಪಕ್ಕದಲ್ಲಿ ಇದನ್ನೂ ಹಿರಿಯರ ಪೀಠಕ್ಕೆ ಎಡೆಯಿಡುತ್ತಾರೆ. ಕಾರಣವನ್ನು ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ. ಹಾಗಲಕ್ಕೆ ಅಲ್ಲಿರುವ ಖೊ ಕ್ವಾ ಎಂಬ ಹೆಸರಿನಲ್ಲಿ ಖೊ ಎಂದರೆ ಕಹಿ, ಕಷ್ಟ. ಕ್ವಾ ಎಂಬುದು ಚೀನೀ ಮೂಲದಿಂದ ಬಂದಾಗ ಬಳ್ಳಿಕಾಯಿ, ದಿನಬಳಕೆಯ ವಿಯೆಟ್ನಾಮಿಯಲ್ಲಿ ‘ದಾಟಿಹೋಗು’. ಹಳೆ ವರ್ಷದ ಕಷ್ಟ ದಾಟಿಹೋಗಲಿ ಎಂದು ಉಣ್ಣುವ ಊಟ ಇದು. ಉತ್ತರ ವಿಯೆಟ್ನಾಮಿನವರು ಇದೇ ಕಾಯಿಯನ್ನು ಮುಅಪ್ ದಾಂಗ್, ಅಂದರೆ ಕಹಿಹೀರೆ, ಎನ್ನುತ್ತಾರೆ. ಆ ಹೆಸರಿನಲ್ಲಿ ಈ ಹಾರೈಕೆಗೆ ಎಡೆಯಿಲ್ಲ, ಹನಾಯ್ ಕಡೆಯ ತೆತ್ ಊಟದಲ್ಲಿ ಈ ಸಾರು ಕಡ್ಡಾಯವೂ ಅಲ್ಲ.

ಯುಗಾದಿಯ ಬೇವು–ಬೆಲ್ಲ ನೆನಪಾಗದೆ ಇರದು. ಎರಡು ಆಚರಣೆಗಳಿಗೆ ಚಾರಿತ್ರಿಕ ನಂಟು ಹುಡುಕುವುದು ತಪ್ಪಾಗುತ್ತದೆ. ಆಶಯವೂ ಒಂದೇ ಅಲ್ಲ. ಬೇವು–ಬೆಲ್ಲ ಬರಲಿರುವ ವರ್ಷದ ಎರಡನ್ನೂ ಒಪ್ಪಿಕೊಳ್ಳುವ ಸಂಕಲ್ಪ. ಹಾಗಲದ ಸಾರು ಕಳೆದ ವರ್ಷದ್ದನ್ನು ಬೀಳ್ಕೊಡುವ ಊಟ.

ಈಗ ಕಾಯಿಯ ಕಡೆಗೆ ಬರೋಣ. ಲಿನೇಯಸ್ 1753ರಲ್ಲಿ ಮೊಮೊರ್ಡಿಕಾ ಚರಾಂಟಿಯಾ ಎಂದು ಹೆಸರಿಟ್ಟ ಈ ಬಳ್ಳಿಯ ಕುಲದಲ್ಲಿ ಅರವತ್ತರಷ್ಟು ಪ್ರಭೇದಗಳಿವೆ. ಅವುಗಳಲ್ಲಿ ಬಹುಪಾಲು ಆಫ್ರಿಕದವು. ಏಷ್ಯಾದಲ್ಲಿ ಇದು ಊಟದ ತರಕಾರಿಯಾದ ಬಗೆಯ ಮೇಲೆ 2020ರಲ್ಲಿ ಪ್ರಕಟವಾದ ಒಂದು ಜೀನೋಮ್ ಅಧ್ಯಯನ ಒಳ್ಳೆಯ ಬೆಳಕು ಚೆಲ್ಲುತ್ತದೆ. ಕಾಡು ತಳಿಗಳಿಂದ ದಕ್ಷಿಣ ಏಷ್ಯಾದ ಕೃಷಿ ತಳಿಗಳು ಬೇರೆಯಾಗಿ ಸುಮಾರು 6,000 ವರ್ಷಗಳಾಗಿವೆ, ಅವುಗಳಿಂದ ಆಗ್ನೇಯ ಏಷ್ಯಾದ ತಳಿಗಳು ಕವಲೊಡೆದು ಸುಮಾರು 800 ವರ್ಷಗಳಷ್ಟೇ ಆಗಿವೆ ಎಂದು ಅದು ಲೆಕ್ಕ ಹಾಕುತ್ತದೆ. ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಅದರ ಇನ್ನೊಂದು ಮಾತು. ಕಾಯಿಯ ಗುಣಗಳ ಮೇಲೆ ಮನುಷ್ಯನ ಆಯ್ಕೆಯ ಗುರುತು ಗಾಢವಾಗಿರುವುದು ತಡವಾಗಿ ಕವಲೊಡೆದ ಈ ಆಗ್ನೇಯ ಏಷ್ಯಾ ಗುಂಪಿನಲ್ಲೇ. ಕಾಡಿನ ಕಾಯಿಗೂ ಹಿತ್ತಲ ಕಾಯಿಗೂ ನಡುವೆ ಮಾತ್ರವಲ್ಲ, ಎರಡು ಪ್ರದೇಶಗಳ ಹಿತ್ತಲ ಕಾಯಿಗಳ ನಡುವೆಯೂ ದೊಡ್ಡ ಅಂತರವಿದೆ. ತಿನ್ನುವವರ ಒಲವು ಬೇರೆಬೇರೆಯಾಗಿದ್ದುದೇ ಇದಕ್ಕೆ ಕಾರಣವಿರಬೇಕು ಎಂದು ಸಂಶೋಧಕರು ಊಹಿಸುತ್ತಾರೆ. ಮಾರುಕಟ್ಟೆಯಲ್ಲಿ ನಿಂತು ನೋಡಿದರೆ ಈ ಮಾತು ಕಣ್ಣಿಗೇ ಕಾಣುತ್ತದೆ. ನಮ್ಮ ಕಾಯಿ ಕಡುಹಸಿರು, ಎರಡೂ ತುದಿ ಚೂಪು, ಮೈತುಂಬ ಮುಳ್ಳುಮುಳ್ಳಾದ ಗಂಟು. ಅವರದು ತಿಳಿಹಸಿರು, ಉದ್ದ, ಮೊಂಡುತುದಿ, ಅಗಲವಾದ ನುಣುಪು ಏಣುಗಳು, ದಪ್ಪ ತಿರುಳು, ಒಳಗೆ ವಿಶಾಲ ಪೊಳ್ಳು. ಎರಡನೆಯದು ತುಂಬಲಿಕ್ಕೆಂದೇ ರೂಪಗೊಂಡಿತು ಎಂದು ಹೇಳಲು ಆಧಾರ ಸಾಲದು. ತುಂಬಲು ಹೇಳಿಮಾಡಿಸಿದಂತಿದೆ ಎನ್ನುವುದಕ್ಕೆ ಅಡ್ಡಿಯಿಲ್ಲ.

ಚೀನಾದ ಗ್ರಂಥಗಳಲ್ಲಿ ಹಾಗಲ ತಡವಾಗಿ ಕಾಣಿಸಿಕೊಳ್ಳುವುದೂ ಆ 800 ವರ್ಷಗಳ ಲೆಕ್ಕಕ್ಕೆ ಹೊಂದುತ್ತದೆ. ಮಿಂಗ್ ರಾಜಕುಮಾರ ಝು ಸು ಬರಗಾಲದಲ್ಲಿ ತಿನ್ನಬಹುದಾದ ಸಸ್ಯಗಳ ಬಗ್ಗೆ 1406ರಲ್ಲಿ ಹೊರತಂದ ಗ್ರಂಥದಲ್ಲಿ ಇದು ಬರುತ್ತದೆ. ಅಲ್ಲಿ ತಿನ್ನಲು ಹೇಳಿರುವುದು ಹಣ್ಣಾಗಿ ಬಿರಿದ ಮೇಲೆ ಬೀಜದ ಸುತ್ತ ಕಾಣುವ ಕೆಂಪು ಸಿಹಿ ಪೊರೆಯನ್ನು. 1596ರಲ್ಲಿ ಅಚ್ಚಾದ ಲಿ ಶಿಝೆನ್‌ನ ಔಷಧಕೋಶ ಇದನ್ನು ದಕ್ಷಿಣದ ಪರದೇಶಗಳಿಂದ ಬಂದದ್ದೆಂದೂ ಈಗ ಫೂಜಿಯಾನ್, ಗ್ವಾಂಗ್‌ಡಾಂಗ್ ಪ್ರಾಂತಗಳಲ್ಲೆಲ್ಲ ಬೆಳೆಯುತ್ತಾರೆಂದೂ ಹೇಳುತ್ತದೆ. ಈ ಎರಡು ಪ್ರಾಂತಗಳ ಹೆಸರನ್ನು ಗಮನಿಸಬೇಕು. ತರಕಾರಿಯ ಪೊಳ್ಳಿಗೆ, ಸೋಯಾ ಪನೀರಿನ ಗುಳಿಗೆ ಮಾಂಸ ತುಂಬಿ ಬೇಯಿಸುವ ಅಡುಗೆಗೆ ಹೆಸರಾದ ಹಕ್ಕಾ ಜನರೂ, ಮೆಕಾಂಗ್ ಮುಖಜಭೂಮಿಗೆ ವಲಸೆ ಹೋದ ಚೀನೀಯರಲ್ಲಿ ಬಹಳಷ್ಟು ಮಂದಿಯೂ ಈ ದಕ್ಷಿಣ ಚೀನಾದವರೇ. ಮಿಂಗ್ ರಾಜವಂಶಕ್ಕೆ ನಿಷ್ಠರಾದ ಸೇನಾನಿಗಳು 1679ರಲ್ಲಿ ತಮ್ಮ ಪಡೆಗಳೊಂದಿಗೆ ಬಂದು ಮಿ ಥೊ ಮತ್ತು ಬಿಯೆನ್ ಹ್ವಾದಲ್ಲಿ ನೆಲೆಸಿದರು. ಥಾಯ್ಲೆಂಡಿನಲ್ಲೂ ಹಾಗಲಕ್ಕೆ ಹಂದಿಮಾಂಸ ತುಂಬಿದ ಖಾರವಿಲ್ಲದ ತಿಳಿಸಾರು ಮನೆಮನೆಯ ಅಡುಗೆ. ಅಲ್ಲಿ ಹೂರಣಕ್ಕೆ ಬೆಳ್ಳುಳ್ಳಿ, ಕಾಳುಮೆಣಸು, ಕೊತ್ತಂಬರಿ ಬೇರು ಅರೆದು ಸೇರಿಸುತ್ತಾರೆ. ಇಷ್ಟನ್ನು ಒಟ್ಟಿಗಿಟ್ಟು ನೋಡಿದರೆ ತುಂಬುವ ವಿಧಾನ ದಕ್ಷಿಣ ಚೀನಾದಿಂದ ಬಂತು, ಹಬ್ಬದ ಅರ್ಥವನ್ನು ದಕ್ಷಿಣ ವಿಯೆಟ್ನಾಮ್ ತಾನೇ ಕೊಟ್ಟಿತು ಎಂಬುದು ನನ್ನ ತೀರ್ಮಾನ. ಇದು ಸನ್ನಿವೇಶಗಳ ಮೇಲೆ ನಿಂತ ಊಹೆ, ದಾಖಲೆಯ ಮೇಲಲ್ಲ.

ತೆತ್ ಊಟದಲ್ಲಿ ಹಾಗಲದ ದಾಯಾದಿಯೂ ಒಂದಿದೆ. ಅಂಟಕ್ಕಿಗೆ ಕೆಂಪು ಬಣ್ಣ ಕೊಡುವ ಗಾಕ್ ಹಣ್ಣು ಮೊಮೊರ್ಡಿಕಾ ಕುಲದ್ದೇ, ನಮ್ಮ ಮಡಹಾಗಲಕ್ಕೆ ಹತ್ತಿರದ್ದು. ಹುಯೆ ನಗರದಲ್ಲಿ ದೀರ್ಘಕಾಲ ನೆಲೆಸಿದ್ದ ಪೋರ್ಚುಗೀಸ್ ಪಾದ್ರಿ ಜೊಆವ್ ದಿ ಲೊರೈರೊ 1790ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟಿಸಿದ ಸಸ್ಯಗ್ರಂಥದಲ್ಲಿ ಅದನ್ನು ವರ್ಣಿಸಿದ್ದಾರೆ.

ಕಹಿಯ ಮೂಲಕ್ಕೆ ಬರುತ್ತೇನೆ. ಹಾಗಲದ ಕಹಿ ಕುಕುರ್ಬಿಟೇನ್ ವರ್ಗದ ಟ್ರೈಟರ್ಪೀನ್‌ಗಳದ್ದು. ಜಪಾನಿನ ಸಂಶೋಧಕರು 1980ರ ದಶಕದ ಆರಂಭದಲ್ಲಿ ಕಾಯಿಯಿಂದ ಬೇರ್ಪಡಿಸಿದ ಮೊಮೊರ್ಡಿಕೊಸೈಡ್ ಕೆ ಮತ್ತು ಎಲ್ ಇವುಗಳಲ್ಲಿ ಪ್ರಮುಖವಾದವು. ಇವು ಸಕ್ಕರೆಯ ಕೊಂಡಿ ಇರುವ ಅಣುಗಳು. ಆ ಕೊಂಡಿಯ ದೆಸೆಯಿಂದ ಬಿಸಿನೀರಿಗೆ ಅಷ್ಟಿಷ್ಟು ಇಳಿಯುತ್ತವೆ, ಉಳಿದ ಭಾಗ ಜಿಡ್ಡಿಗೆ ಒಲಿಯುವ ಸ್ವಭಾವದ್ದಾದ್ದರಿಂದ ಪೂರ್ತಿ ಇಳಿಯುವುದಿಲ್ಲ. ನೀರಿಗೂ ಜಿಡ್ಡಿಗೂ ನಡುವೆ ನಿಲ್ಲುವ ಈ ಸ್ವಭಾವವೇ ಸಾರಿನ ನಡೆಯನ್ನೆಲ್ಲ ನಿರ್ಧರಿಸುತ್ತದೆ. ಎಳೆಯ ಕಾಯಿಯಲ್ಲಿ ಕಹಿ ಹೆಚ್ಚು, ಹಣ್ಣಾಗತೊಡಗಿದಂತೆ ಇಳಿಯುತ್ತದೆ. ಆದರೆ ಹಣ್ಣಿಗೆ ತಿರುಗಿದ ಕಾಯಿಯ ತಿರುಳು ಸಾರಿನಲ್ಲಿ ಕರಗಿ ಹೂರಣವನ್ನು ಕೈಬಿಡುತ್ತದೆ. ಹಾಗಾಗಿ ಬಲಿತು ಇನ್ನೂ ಬಣ್ಣ ತಿರುಗದ ಕಾಯಿಯೇ ಬೇಕು. ಏಣುಗಳು ಅಗಲವಾಗಿ, ಅವುಗಳ ನಡುವಿನ ಗೆರೆ ಆಳವಿಲ್ಲದೆ ಇರುವ ಕಾಯಿಯಲ್ಲಿ ಕಹಿ ಕಡಿಮೆ ಎಂಬುದು ವಿಯೆಟ್ನಾಮಿನ ಮಾರುಕಟ್ಟೆಯ ನಂಬಿಕೆ. ಅದು ನಂಬಿಕೆ ಮಾತ್ರವಲ್ಲದಿರಬಹುದು: ಕಾಯಿ ಬಲಿಯುತ್ತ ಹಿಗ್ಗಿದಂತೆ ಏಣು ಅಗಲವಾಗುತ್ತದೆ.

ಒಳಗಿನ ಬಿಳಿಯ ದಿಂಡನ್ನು ಚಮಚದಿಂದ ಕೆರೆದು ತೆಗೆಯುವಾಗ ‘ಕಹಿ ಅಲ್ಲೇ ಇರುವುದು’ ಎಂದು ಅಲ್ಲೂ ಹೇಳುತ್ತಾರೆ, ನಮ್ಮಲ್ಲೂ ಹೇಳುತ್ತಾರೆ. ದಿಂಡಿನ ಚೂರನ್ನೂ ಹಸಿರು ತಿರುಳಿನ ಚೂರನ್ನೂ ಬೇರೆಬೇರೆಯಾಗಿ ಅಗಿದು ನೋಡುವವರು ಈ ಮಾತನ್ನು ಮುಂದುವರಿಸಲಾರರು. ನಾಲಿಗೆ ತಡೆಯದಷ್ಟು ಕಹಿ ಹಸಿರಿನಲ್ಲಿದೆ. ದಿಂಡು ಬೆಂಡಿನಂತೆ ಸಪ್ಪೆ, ಕಹಿ ಅಲ್ಪ. ಆದರೂ ಕೆರೆಯಬೇಕು. ದಿಂಡು ಉಳಿದರೆ ಅದು ಬೆಂದು ಸಾರು ಹೀರಿ ಸಡಿಲವಾಗುತ್ತದೆ, ಹೂರಣ ಕಾಯಿಯ ಗೋಡೆಗೆ ಅಂಟುವುದಿಲ್ಲ. ಗೋಡೆ ತೂತಾಗದಂತೆ ಕೆರೆಯುವುದಷ್ಟೇ ಎಚ್ಚರ.

ಕೆರೆದ ಕಾಯಿಯನ್ನು ಉಪ್ಪು ಹಾಕಿದ ಕುದಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತಣ್ಣೀರಿಗೆ ಹಾಕುವುದು ಹಲವು ಮನೆಗಳ ಕ್ರಮ. ಇಡೀ ಅಡುಗೆಯಲ್ಲಿ ಕಹಿ ಹೊರಗೆ ಹೋಗುವ ಒಂದೇ ಬಾಗಿಲು ಇದು. ಈ ನೀರನ್ನು ಮಾತ್ರ ಚೆಲ್ಲಬಹುದು. ಮಕ್ಕಳಿರುವ ಮನೆಗಳಲ್ಲಿ ಅದ್ದುತ್ತಾರೆ, ಕಹಿ ಬೇಕೆನ್ನುವ ಹಿರಿಯರು ಅದ್ದಲು ಬಿಡುವುದಿಲ್ಲ. ಎಷ್ಟು ನಿಮಿಷ ಎಂಬುದರಲ್ಲೇ ಆ ಮನೆಯ ರುಚಿ ನಿಂತಿದೆ. ಮೂರು ನಿಮಿಷ ದಾಟಿದರೆ ಗೋಡೆ ಮೆತ್ತಗಾಗಿ ತುಂಬುವಾಗಲೇ ಸೀಳುತ್ತದೆ.

ಹೂರಣದ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಸಾರು ಕೆಡುವುದು ಸಾಮಾನ್ಯವಾಗಿ ಇಲ್ಲೇ, ಹಾಗೆ ಕೆಟ್ಟಾಗ ದೂರು ಮಾತ್ರ ಕಾಯಿಯ ಮೇಲೆ ಹೋಗುತ್ತದೆ. ನಾಲ್ವರಿಗೆ 200 ಗ್ರಾಂ ತೂಗುವ ನಾಲ್ಕು ಕಾಯಿ, 400 ಗ್ರಾಂ ಹಂದಿಮಾಂಸದ ಖೀಮಾ ಸಾಕು. ಭುಜದ ಭಾಗ ಒಳ್ಳೆಯದು, ಅದರಲ್ಲಿ ಕೊಬ್ಬಿನ ಎಳೆ ಇರುತ್ತದೆ. ಬರೀ ಕೆಂಪು ಮಾಂಸ ಬೆಂದಾಗ ಕಲ್ಲಾಗುತ್ತದೆ. ಕೊಬ್ಬು ಮೃದುತನ ಕೊಡುವುದರ ಜತೆಗೆ ಕಾಯಿಯ ಕಹಿಯನ್ನೂ ನಾಲಿಗೆಗೆ ಸ್ವಲ್ಪ ಮಂಕಾಗಿಸುತ್ತದೆ. ನೆನೆಸಿ ಸಣ್ಣಗೆ ಹೆಚ್ಚಿದ ಒಣ ಅಣಬೆ ಒಂದು ಹಿಡಿ. ಮರದ ಮೇಲೆ ಕಿವಿಯಾಕಾರದಲ್ಲಿ ಬೆಳೆಯುವ ಈ ಕಪ್ಪು ಅಣಬೆಯನ್ನು ದಕ್ಷಿಣದವರು ನಾಮ್ ಮೆಯೊ ಎನ್ನುತ್ತಾರೆ. ಅದಕ್ಕೆ ರುಚಿಯೆಂಬುದು ಹೆಚ್ಚಿಲ್ಲ, ಹಲ್ಲಿಗೆ ಸಿಗುವ ಕುರುಕು ಗುಣಕ್ಕಾಗಿ ಬೇಕು. ಹೆಸರುಕಾಳಿನ ಪಿಷ್ಟದಿಂದ ಮಾಡಿದ ಗಾಜಿನಂಥ ಶಾವಿಗೆ, ಬುನ್ ತಾವ್, 20 ಗ್ರಾಂ. ಮಾಂಸ ಬೆಂದಾಗ ಬಿಡುವ ರಸವನ್ನು ಹೀರಿ ಹಿಡಿದಿಡುವುದು ಇದರ ಕೆಲಸ. ಜಜ್ಜಿದ ಸಣ್ಣ ಈರುಳ್ಳಿ, ಈರುಳ್ಳಿ ಹೂವಿನ ಬಿಳಿ ಭಾಗ, ಕಾಳುಮೆಣಸಿನ ಪುಡಿ, ಒಂದು ದೊಡ್ಡ ಚಮಚ ಮೀನಿನ ರಸ, ಕಾಲು ಚಮಚಕ್ಕೆ ಸ್ವಲ್ಪ ಹೆಚ್ಚು ಉಪ್ಪು.

ಈ ಉಪ್ಪು ರುಚಿಗೆ ಮಾತ್ರ ಹಾಕಿದ್ದಲ್ಲ. ಮಾಂಸದ ಎಳೆಗಳಲ್ಲಿರುವ ಮಯೋಸಿನ್ ಎಂಬ ಪ್ರೋಟೀನು ಉಪ್ಪುನೀರಿನಲ್ಲಿ ಕರಗಿ ಹೊರಬರುತ್ತದೆ, ಖೀಮಾದ ಕಣಕಣಕ್ಕೂ ಅಂಟಾಗಿ ಹರಡುತ್ತದೆ, ಬಿಸಿ ತಾಗಿದಾಗ ಜಾಲಗಟ್ಟಿ ಹೂರಣವನ್ನು ಒಂದೇ ಮುದ್ದೆಯಾಗಿ ಹಿಡಿಯುತ್ತದೆ. ಮೇಲೆ ಹೇಳಿದ ಅಳತೆಯಲ್ಲಿ ಮೀನಿನ ರಸದ ಉಪ್ಪೂ ಸೇರಿ ಮಾಂಸದ ತೂಕದ ಶೇ. 1.5ರಷ್ಟಾಗುತ್ತದೆ. ಉಪ್ಪು ಹಾಕಿದ ಮೇಲೆ ಒಂದೇ ದಿಕ್ಕಿನಲ್ಲಿ ಬಲವಾಗಿ ಕಲಸುತ್ತ ಹೋದರೆ ಕೆಲವೇ ನಿಮಿಷದಲ್ಲಿ ಖೀಮಾ ಬಿಡಿಬಿಡಿಯಾಗಿರುವುದು ನಿಂತು ಪಾತ್ರೆಯ ಗೋಡೆಗೆ ಅಂಟತೊಡಗುತ್ತದೆ. ಅಲ್ಲಿಗೆ ಸಾಕು. ಮಾಂಸ ತಣ್ಣಗಿರಬೇಕು, ಕೈಯ ಬಿಸಿಗೆ ಕೊಬ್ಬು ಕರಗಿ ಕಣಗಳ ಸುತ್ತ ಹರಡಿದರೆ ಅಂಟು ಕೂಡುವುದಿಲ್ಲ. ಕಲಸದೆ ಹಾಗೇ ತುಂಬಿದ ಖೀಮಾ ಕುದಿಯುವಾಗ ಉದುರುತ್ತದೆ, ಸಾರು ಕಲಕುತ್ತದೆ.

ಮೆಕಾಂಗ್ ಸೀಮೆಯ ಮನೆಗಳು ಮಾಂಸದ ಬದಲು, ಅಥವಾ ಮಾಂಸದ ಜತೆ, ಥಾಕ್ ಲಾಕ್ ಮೀನಿನ ತಿರುಳನ್ನು ತುಂಬುತ್ತವೆ. ಇದನ್ನೇ ಮೇಲೆಂದು ಬಗೆಯುವವರು ಅಲ್ಲಿ ಬಹಳ. ನೊಟೊಪ್ಟೆರಸ್ ನೊಟೊಪ್ಟೆರಸ್ ಎಂಬ ಈ ಚಪ್ಪಟೆ ಮೀನು ಭಾರತದ ನದಿಗಳಲ್ಲೂ ಇದೆ. ಹಾವ್ ಯಾಂಗ್ ಸೀಮೆಯ ಕೊಳಗಳಲ್ಲಿ ಸಾಕುವುದು ಅದರ ದೊಡ್ಡ ಬಂಧು ಚಿತಾಲಾ ಒರ್ನಾಟಾವನ್ನು. ಮಾರುಕಟ್ಟೆಯಲ್ಲಿ ಎರಡಕ್ಕೂ ಥಾಕ್ ಲಾಕ್ ಎಂಬ ಹೆಸರು ಸೇರಿಕೊಂಡಿದೆ. ಮೈತುಂಬ ಕೂದಲಿನಂಥ ಮುಳ್ಳಿರುವುದರಿಂದ ಈ ಮೀನನ್ನು ಹೋಳು ಮಾಡಿ ತಿನ್ನುವುದು ಕಷ್ಟ. ಮೈಯನ್ನು ಸೀಳಿ, ಬಾಲದ ಕಡೆಯಿಂದ ಚಮಚದಿಂದ ತಿರುಳನ್ನಷ್ಟೇ ಕೆರೆದು ತೆಗೆದು, ಉಪ್ಪು–ಮೆಣಸಿನ ಜತೆ ಒರಳಿನಲ್ಲಿ ಕುಟ್ಟುತ್ತಾರೆ. ಕುಟ್ಟಿದಷ್ಟೂ ಅದು ಜಿಗುಟಾಗಿ, ಬೆಂದ ಮೇಲೆ ಹಲ್ಲಿಗೆ ಪುಟಿಯುವಂತಾಗುತ್ತದೆ. ಖೀಮಾದಲ್ಲಿ ನಡೆಯುವ ಮಯೋಸಿನ್ ಕೆಲಸವೇ ಇಲ್ಲಿಯೂ ನಡೆಯುತ್ತದೆ, ಇನ್ನೂ ಜೋರಾಗಿ. ಮೀನಿನ ತಿರುಳಿನಲ್ಲಿ ಕೊಬ್ಬು ಕಡಿಮೆ, ಅದು ಸಾರು ಹೀರಿಕೊಳ್ಳುವುದೂ ಕಡಿಮೆ. ಆದ್ದರಿಂದ ಈ ಬಗೆಯ ಸಾರಿನಲ್ಲಿ ಕಹಿ ಹೂರಣದ ಒಳಗೆ ಹೋಗದೆ ಹೊರಗೇ ಉಳಿದಂತೆ ನನಗೆ ಅನ್ನಿಸುತ್ತದೆ: ಕಾಯಿಯನ್ನು ಕಚ್ಚಿದಾಗ ಕಹಿ, ಹೂರಣ ಸಿಕ್ಕಾಗ ಬರೀ ಸಿಹಿ, ಎರಡೂ ಬೇರೆಬೇರೆಯಾಗಿ ಬರುತ್ತವೆ.

ಕಾಯಿಯನ್ನು ಕತ್ತರಿಸುವುದರಲ್ಲಿ ಎರಡು ಪದ್ಧತಿ. ಅಡ್ಡಡ್ಡ ಕತ್ತರಿಸಿ ನಾಲ್ಕೈದು ಸೆಂಟಿಮೀಟರಿನ ಕೊಳವೆಗಳನ್ನು ಮಾಡಿ ಎರಡೂ ಬದಿಯಿಂದ ತುಂಬುವುದು ಒಂದು. ಇಡೀ ಕಾಯಿಯ ಒಂದು ಮಗ್ಗುಲನ್ನಷ್ಟೇ ಉದ್ದಕ್ಕೆ ಸೀಳಿ, ಬೀಜ ತೆಗೆದು ತುಂಬಿ, ಬಿಸಿನೀರಿನಲ್ಲಿ ಬಾಡಿಸಿದ ಈರುಳ್ಳಿ ಹೂವಿನ ಎಲೆಯಿಂದ ಎರಡು ಕಡೆ ಕಟ್ಟುವುದು ಇನ್ನೊಂದು. ಎಡೆಗೆ ಇಡುವಾಗ ಇಡೀ ಕಾಯಿಯೇ ಶೋಭೆ. ಕಹಿಯ ದೃಷ್ಟಿಯಿಂದ ನೋಡಿದರೂ ಇವೆರಡು ಒಂದೇ ಅಡುಗೆಯಲ್ಲ. ಕೊಳವೆಗೆ ಎರಡು ಕಡೆ ಕತ್ತರಿಸಿದ ಮುಖವಿದೆ, ತಿರುಳು ನೇರವಾಗಿ ನೀರಿಗೆ ತಾಗುತ್ತದೆ. ಇಡೀ ಕಾಯಿಯ ಮೈಯನ್ನು ಮೇಣದಂಥ ಹೊರಪೊರೆ ಕಾಯುತ್ತದೆ. ಮೊದಲನೆಯದರಲ್ಲಿ ಸಾರು ಬೇಗ ಕಹಿಯಾಗುತ್ತದೆ, ಕಾಯಿ ಹಗುರವಾಗುತ್ತದೆ. ಎರಡನೆಯದರಲ್ಲಿ ಸಾರು ಸಿಹಿಯಾಗಿ ಉಳಿದು ಕಾಯಿ ತನ್ನ ಕಹಿಯನ್ನು ಹೆಚ್ಚುಹೊತ್ತು ಇಟ್ಟುಕೊಳ್ಳುತ್ತದೆ. ನನಗೆ ಎರಡನೆಯದೇ ಇಷ್ಟ.

ಬೆಂದಾಗ ಮಾಂಸ ಕುಗ್ಗುತ್ತದೆ, ಕಾಯಿಯ ಗೋಡೆ ಮೆತ್ತಗಾಗಿ ಸಡಿಲುತ್ತದೆ. ಎರಡೂ ವಿರುದ್ಧ ದಿಕ್ಕಿಗೆ ಹೋಗುವುದರಿಂದಲೇ ಹೂರಣ ಜಾರಿ ಬೀಳುವುದು. ಒಳಮೈಯನ್ನು ಒರೆಸಿ ಒಣಗಿಸಿ ಚಿಟಿಕೆ ಪಿಷ್ಟ ಸವರುವ ಕ್ಯಾಂಟನ್ ಕಡೆಯ ರೂಢಿ ಇಲ್ಲಿ ನೆರವಾಗುತ್ತದೆ. ತುದಿಯಲ್ಲಿ ಸ್ವಲ್ಪ ಉಬ್ಬುವಂತೆ ತುಂಬುವುದನ್ನೂ ಮರೆಯಬಾರದು.

ಸಾರಿನ ನೀರಿಗೆ ಹಂದಿಯ ಮೂಳೆ ಅರ್ಧ ಕಿಲೊ. ಮೊದಲು ಕುದಿನೀರಿನಲ್ಲಿ ಐದು ನಿಮಿಷ ಬೇಯಿಸಿ ತೊಳೆದು, ಆಮೇಲೆ ಎರಡು ಲೀಟರ್ ಹೊಸ ನೀರಿನಲ್ಲಿ ಗಂಟೆಗೂ ಹೆಚ್ಚು ಹೊತ್ತು ಸಣ್ಣ ಉರಿಯಲ್ಲಿಟ್ಟು ನೊರೆ ತೆಗೆಯುತ್ತಿರಬೇಕು. ಕೆಲವರು ಒಣಸಿಗಡಿ ಹಾಕುತ್ತಾರೆ, ಕೆಲವರು ಎಳನೀರು ಬೆರೆಸುತ್ತಾರೆ. ಮೂಳೆ ಬೇಯಿಸಲು ಹೊತ್ತಿಲ್ಲದಾಗ ಬರೀ ನೀರೂ ಆದೀತು, ಹೂರಣದಿಂದಲೇ ರಸ ಇಳಿಯುತ್ತದೆ. ತುಂಬಿದ ಕಾಯಿಗಳನ್ನು ಇಳಿಸಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ ಮೂವತ್ತರಿಂದ ನಲವತ್ತು ನಿಮಿಷ. ಮುಚ್ಚಳ ಹಾಕಿದರೆ ಕಾಯಿ ಹಳದಿಯಾಗುತ್ತದೆ ಎಂದು ಎಲ್ಲ ಅಜ್ಜಿಯರೂ ಎಚ್ಚರಿಸುತ್ತಾರೆ. ಅದರಲ್ಲಿ ಹುರುಳಿದೆ. ತರಕಾರಿ ಬೆಂದಾಗ ಬಿಡುವ ಆಮ್ಲಗಳು ಪತ್ರಹರಿತ್ತಿನ ಮೆಗ್ನೀಸಿಯಮ್ಮನ್ನು ತಳ್ಳಿ ಹಸಿರನ್ನು ಮಂಕು ಕಂದಾಗಿಸುತ್ತವೆ. ಮುಚ್ಚಳ ತೆಗೆದಿದ್ದರೆ ಹಾರಿಹೋಗಬಲ್ಲ ಆಮ್ಲಗಳು ಆವಿಯೊಂದಿಗೆ ಹೋಗುತ್ತವೆ. ಆದರೆ ಇದು ಹತ್ತು ನಿಮಿಷದ ಅಡುಗೆಯಲ್ಲಿ ಕಾಣುವ ಲಾಭ. ನಲವತ್ತು ನಿಮಿಷ ಬೆಂದ ಕಾಯಿ ಮುಚ್ಚಳವಿದ್ದರೂ ಇಲ್ಲದಿದ್ದರೂ ಹಸಿರಾಗಿ ಉಳಿಯುವುದಿಲ್ಲ. ಮುಚ್ಚಳ ತೆಗೆಯುವುದರಿಂದ ಖಚಿತವಾಗಿ ಆಗುವ ಉಪಕಾರ ಬೇರೆಯದು: ಕುದಿ ಏರದೆ, ಹೂರಣ ಕದಡದೆ, ಸಾರು ತಿಳಿಯಾಗಿ ಉಳಿಯುತ್ತದೆ.

ಕೊನೆಗೆ ಬರುವ ಮೀನಿನ ರಸ, ನುವಾಕ್ ಮಾಮ್, ಈ ಟಿಪ್ಪಣಿಯ ವಾದಕ್ಕೆ ಬಹಳ ಮುಖ್ಯ. ಫು ಕ್ವೋಕ್ ದ್ವೀಪದಲ್ಲಿ ಮೂರು ಪಾಲು ಸಣ್ಣ ಆಂಚೊವಿ ಮೀನಿಗೆ ಒಂದು ಪಾಲು ಉಪ್ಪು ಬೆರೆಸಿ ಮರದ ದೊಡ್ಡ ಪೀಪಾಯಿಗಳಲ್ಲಿ ಸುಮಾರು ಒಂದು ವರ್ಷ ಹುದುಗಿಸಿ ಇದನ್ನು ತೆಗೆಯುತ್ತಾರೆ. 2012ರಲ್ಲಿ ಐರೋಪ್ಯ ಒಕ್ಕೂಟ ಆ ಊರಿನ ಹೆಸರಿಗೆ ಭೌಗೋಳಿಕ ರಕ್ಷಣೆ ಕೊಟ್ಟಿತು. ಅದರಲ್ಲಿ ಉಪ್ಪೂ ಗ್ಲುಟಮೇಟೂ ಒಟ್ಟಿಗಿವೆ. ಉಪ್ಪು ಕಹಿಯನ್ನು ಅಡಗಿಸುತ್ತದೆ ಎಂಬುದನ್ನು ಪಾಲ್ ಬ್ರೆಸ್ಲಿನ್ ಮತ್ತು ಗ್ಯಾರಿ ಬ್ಯೂಚಾಂಪ್ 1997ರಲ್ಲಿ ನೇಚರ್ ಪತ್ರಿಕೆಯ ಒಂದು ಚಿಕ್ಕ ಲೇಖನದಲ್ಲಿ ತೋರಿಸಿದರು. ಕಹಿಯಾದ ಯೂರಿಯ ಮತ್ತು ಸಕ್ಕರೆಯ ಮಿಶ್ರಣಕ್ಕೆ ಸೋಡಿಯಂ ಲವಣ ಸೇರಿಸಿದಾಗ ಕಹಿ ತಗ್ಗಿತು. ಅಷ್ಟೇ ಅಲ್ಲ, ಕಹಿಯ ಕೆಳಗೆ ಅದುಮಿಹೋಗಿದ್ದ ಸಿಹಿ ಮೇಲೆದ್ದಿತು. ಹಾಗಲದ ಸಾರಿನಲ್ಲಿ ಮೂಳೆ, ಮಾಂಸ, ಸಣ್ಣ ಈರುಳ್ಳಿ ಕೊಟ್ಟ ಸಿಹಿಯನ್ನು ಮೇಲೆತ್ತುವುದು ಈ ಕೊನೆಯ ಎರಡು ಚಮಚ ರಸ. ಇಲ್ಲೊಂದು ಎಚ್ಚರಿಕೆ ಅಗತ್ಯ. ಇದೇ ಸಂಶೋಧಕರ 1995ರ ಅಧ್ಯಯನದ ಪ್ರಕಾರ ಸೋಡಿಯಂ ಎಲ್ಲ ಕಹಿಗಳನ್ನೂ ಒಂದೇ ಅಳತೆಯಲ್ಲಿ ಅಡಗಿಸುವುದಿಲ್ಲ. ಯೂರಿಯದ ಬಗ್ಗೆ ಕಂಡದ್ದನ್ನು ಮೊಮೊರ್ಡಿಕೊಸೈಡಿಗೆ ಹಾಗೇ ಅನ್ವಯಿಸಲಾಗದು. ಆದರೆ ಉಪ್ಪು ಕಡಿಮೆಯಾದ ಹಾಗಲದ ಸಾರನ್ನು ಒಮ್ಮೆ ಬಾಯಿಗೆ ಹಾಕಿಕೊಂಡು, ಅದೇ ಬಟ್ಟಲಿಗೆ ರಸ ಹನಿಸಿ ಮತ್ತೆ ಕುಡಿದವರಿಗೆ ದಿಕ್ಕು ಯಾವುದೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ತೆತ್ ಹೊತ್ತಿಗೆ ಮಾರುಕಟ್ಟೆಗಳು ಕೆಲವು ದಿನ ಮುಚ್ಚಿರುತ್ತವೆ. ಆದ್ದರಿಂದ ಒಮ್ಮೆ ಮಾಡಿದ್ದನ್ನು ಮತ್ತೆಮತ್ತೆ ಕುದಿಸಿ ಬಡಿಸುತ್ತಾರೆ. ಮೊದಲ ದಿನ ಕಾಯಿ ಕಹಿ, ಸಾರು ಸಿಹಿ, ಎರಡೂ ಬಿಡಿಬಿಡಿ. ಮತ್ತೆ ಕುದಿಸಿದಂತೆಲ್ಲ ಕಹಿ ನೀರಿಗೆ ಇಳಿಯುತ್ತ, ಜಿಡ್ಡಿನಲ್ಲಿ ಸೇರುತ್ತ, ಹೂರಣಕ್ಕೂ ತಲುಪುತ್ತ ಎಲ್ಲೆಡೆ ಒಂದೇ ಸಮನಾಗುತ್ತದೆ. ಈ ಎರಡನೆಯ ದಿನದ ಸಾರನ್ನೇ ಕಾಯುವವರಿದ್ದಾರೆ. ಬಡಿಸಿ ಉಳಿದದ್ದನ್ನು ಬೇಗ ತಣಿಸಿ ಫ್ರಿಜ್ಜಿನಲ್ಲಿಟ್ಟು, ಬೇಕಾದಷ್ಟನ್ನು ಮಾತ್ರ ತೆಗೆದು ಚೆನ್ನಾಗಿ ಕುದಿಸುವುದು ಕ್ಷೇಮ.

ಹಾಗಲದ ಬಗ್ಗೆ ಬರೆಯುವಾಗ ಸಕ್ಕರೆ ಕಾಯಿಲೆಯ ಮಾತನ್ನು ಬಿಡಲಾಗದು. ಕೊಕ್ರೇನ್ ಸಂಸ್ಥೆಯ 2012ರ ಪರಿಶೀಲನೆ 479 ಜನರನ್ನೊಳಗೊಂಡ ನಾಲ್ಕು ಪ್ರಯೋಗಗಳನ್ನು ಪರೀಕ್ಷಿಸಿ, ಎರಡನೆಯ ಬಗೆಯ ಮಧುಮೇಹಕ್ಕೆ ಹಾಗಲವನ್ನು ಶಿಫಾರಸು ಮಾಡುವಷ್ಟು ಆಧಾರವಿಲ್ಲ ಎಂದಿತು. ಸಾರನ್ನು ಊಟವೆಂದು ಉಣ್ಣಬೇಕು; ಔಷಧಿ ಬಿಟ್ಟು ಇದನ್ನು ಕುಡಿಯುವುದು ಅಪಾಯ. ಬೀಜದಲ್ಲಿ ವಿಸೀನ್ ಎಂಬ ಅಂಶವಿದೆ. ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಅದು ಆಗದು. ಈ ಅಡುಗೆಯಲ್ಲಿ ಬೀಜ ತೆಗೆದೇಬಿಡುತ್ತಾರಾದರೂ ಅಂಥವರು ವೈದ್ಯರನ್ನು ಕೇಳಿಯೇ ತಿನ್ನುವುದು ಒಳ್ಳೆಯದು.

ಮಾಂಸ ತಿನ್ನದ ಕನ್ನಡ ಓದುಗರು ಇಲ್ಲಿಯವರೆಗೆ ಓದಿ ನಿಟ್ಟುಸಿರು ಬಿಡಬೇಕಾಗಿಲ್ಲ. ವಿಯೆಟ್ನಾಮಿನ ಬೌದ್ಧ ಮನೆಗಳು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಚಾಯ್, ಅಂದರೆ ಸಸ್ಯಾಹಾರ, ಪಾಲಿಸುತ್ತವೆ. ಅಂದು ಇದೇ ಸಾರಿಗೆ ಸೋಯಾ ಪನೀರು, ಕಪ್ಪು ಅಣಬೆ, ಶಾವಿಗೆ, ಕ್ಯಾರೆಟ್ ತುಂಬುತ್ತಾರೆ. ಮೂಳೆಯ ಬದಲು ಮೂಲಂಗಿ, ಕ್ಯಾರೆಟ್, ಒಣ ಅಣಬೆ ಬೇಯಿಸಿದ ನೀರು, ಮೀನಿನ ರಸದ ಬದಲು ಸೋಯಾ ರಸ. ಇಲ್ಲಿ ಅಂಟು ಕಟ್ಟುವ ಮಯೋಸಿನ್ ಇಲ್ಲ ಎಂಬುದನ್ನು ಮರೆತರೆ ಹೂರಣವೆಲ್ಲ ಸಾರಿನಲ್ಲಿ ತೇಲುತ್ತದೆ. ಪನೀರನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರವಿಟ್ಟು ನೀರೆಲ್ಲ ಇಳಿಸಬೇಕು. ನುಣ್ಣಗೆ ನಾದಿ, 300 ಗ್ರಾಮಿಗೆ ಒಂದೂವರೆ ದೊಡ್ಡ ಚಮಚ ಮರಗೆಣಸಿನ ಪಿಷ್ಟ ಬೆರೆಸಿ, ತುಂಬಿದ ಕಾಯಿಯನ್ನು ಮೊದಲು ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿಕೊಳ್ಳಬೇಕು. ಪಿಷ್ಟ ಗಟ್ಟಿಯಾದ ಮೇಲೆ ಸಾರಿಗೆ ಇಳಿಸಿದರೆ ಕದಡದು. ಕಾಯಿಗೆ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಹರಿತ್ ತಳಿ ಒಳ್ಳೆಯದು: ಮುಳ್ಳುಗಂಟಿಲ್ಲದ ನುಣುಪು ಏಣು, ದಪ್ಪ ತಿರುಳು, ಕಡಿಮೆ ಬೀಜ, ಮಧ್ಯಮ ಕಹಿ. ಕಾಯಿ ಗಿಡ್ಡವಾದ್ದರಿಂದ ಕೊಳವೆ ಮಾಡಲು ಹೋಗದೆ ಮಗ್ಗುಲು ಸೀಳಿ ಇಡಿಯಾಗಿ ತುಂಬುವುದೇ ಸರಿ. ಪನೀರಿನ ಹೂರಣದಲ್ಲಿ ಕಹಿಯನ್ನು ಮಂಕಾಗಿಸುವಷ್ಟು ಕೊಬ್ಬಿಲ್ಲ. ಹಾಗಾಗಿ ಈ ಬಗೆಯಲ್ಲಿ ಮಾತ್ರ ಕುದಿನೀರಿನ ಅದ್ದುವಿಕೆಯನ್ನು ಬಿಡಬಾರದು, ಎರಡು ನಿಮಿಷ ಪೂರ್ತಿ ಇಡಬೇಕು. ಸೋಯಾ ರಸವನ್ನು ಒಲೆಯಿಂದ ಇಳಿಸುವ ಮುನ್ನ, ಸಾರನ್ನು ಒಮ್ಮೆ ಕುಡಿದು ನೋಡಿ, ಸ್ವಲ್ಪಸ್ವಲ್ಪವಾಗಿ ಹಾಕಬೇಕು.